ಶೇಂಗಾ ಹೊಲದಿಂದ ಕಂಡ ಗುಳ್ಳೆ

ನವೆಂಬರ್ ರಾತ್ರಿ, ಚಳ್ಳಕೆರೆ ಹತ್ತಿರ ಭಾವನ ಶೇಂಗಾ ಹೊಲ. ಟೆಲಿಸ್ಕೋಪನ್ನು ಉತ್ತರಕ್ಕೆ, ಕ್ಯಾಸಿಯೋಪಿಯಾ ಕಡೆ ತಿರುಗಿಸಿದೆ. ಗುರಿ ಎನ್‌ಜಿಸಿ 7635, ಅಂದರೆ ಬಬಲ್ ನೆಬ್ಯುಲಾ ಎಂಬ ಅನಿಲದ ಮೋಡ. ವಿಲಿಯಂ ಹರ್ಷೆಲ್ 1787ರಲ್ಲೇ ಕಂಡಿದ್ದ. ನನ್ನ ಕಣ್ಣಿಗೆ ಬರೀ ಕತ್ತಲು.

ಐದು ನಿಮಿಷದ ಮೊದಲ ಫೋಟೊ ಲ್ಯಾಪ್‌ಟಾಪಿಗೆ ಇಳಿಯಿತು. ಬೂದು ಪರದೆಯಲ್ಲಿ ಒಡೆದ ಬಳೆಯ ಚೂರಿನಂಥ ಕಮಾನು. ‘ಇಷ್ಟಕ್ಕಾ ಬಂದಿದ್ದು?’ ಎಂದ ಭಾವ.

ಆ ಬಳೆ ಊದಿದ್ದು ಒಂದೇ ನಕ್ಷತ್ರ. ಸೂರ್ಯನ ಸುಮಾರು 45 ಪಟ್ಟು ತೂಕ, ವಿಪರೀತ ಬಿಸಿ. ಅದರ ಮೈಯಿಂದ ಗಂಟೆಗೆ 60 ಲಕ್ಷ ಕಿಲೋಮೀಟರಿಗೂ ಮೀರಿ ನುಗ್ಗುವ ಗಾಳಿ ಸುತ್ತಲಿನ ತಣ್ಣನೆ ಅನಿಲವನ್ನು ತಳ್ಳುತ್ತಾ ಏಳು ಜ್ಯೋತಿರ್ವರ್ಷ ಅಗಲದ ಗುಳ್ಳೆ ಮಾಡಿದೆ. ಒಂದು ಕಡೆ ಅನಿಲ ದಟ್ಟ, ಗಾಳಿಗೆ ಬಗ್ಗುವುದಿಲ್ಲ. ಹಾಗಾಗಿ ನಕ್ಷತ್ರ ಗುಳ್ಳೆಯ ನಡುವೆ ಇಲ್ಲ, ಅಂಚಿಗೆ ಸರಿದಿದೆ. ನನಗೆ ಇಷ್ಟವಾಗುವುದೇ ಈ ಸೊಟ್ಟತನ.

ಇಂಥ ಮೋಡದ ಬಣ್ಣ ಬೆಂಕಿಯದಲ್ಲ. ನಕ್ಷತ್ರದ ಅತಿನೇರಳೆ ಕಿರಣ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುತ್ತದೆ. ಅವು ಮತ್ತೆ ಕೂಡಿಕೊಂಡು ಕೆಳಗಿಳಿಯುವಾಗ ಹೈಡ್ರೋಜನ್ 656 ನ್ಯಾನೋಮೀಟರಿನ ಕೆಂಪು ಬೆಳಕು ಸೂಸುತ್ತದೆ. ಆಕ್ಸಿಜನ್ನಿನದು ಹಸಿರು-ನೀಲಿ, 501ರ ಆಸುಪಾಸು. ಆ ಎರಡೇ ಬೆಳಕನ್ನು ಬಿಡುವ ಫಿಲ್ಟರ್ ಹಾಕಿದರೆ ದೂರದ ಬೀದಿದೀಪದ ಕಾಟ ಬಹುಪಾಲು ತಪ್ಪುತ್ತದೆ.

ಹನ್ನೊಂದಕ್ಕೆ ಮಸೂರದ ಮೇಲೆ ಇಬ್ಬನಿ! ಎಂಟು ಫೋಟೊ ಹಾಳು. ಹೀಟರ್ ಪಟ್ಟಿ ಮನೆಯಲ್ಲೇ ಮರೆತಿದ್ದೆ. ಅಕ್ಕನ ಹೇರ್ ಡ್ರೈಯರಿಗೆ ಪಂಪ್‌ಸೆಟ್ಟಿನ ಕರೆಂಟು ಕೊಟ್ಟು ಒಣಗಿಸಿದೆವು.

ಉಳಿದ 28 ಫೋಟೊಗಳನ್ನು ಮಾರನೇ ದಿನ ಒಂದರ ಮೇಲೊಂದು ಪೇರಿಸಿದೆ. ಕೆಂಪು ಮೋಡದ ನಡುವೆ ನೀಲಿಗುಳ್ಳೆ ಮೂಡಿತು. ಭಾವ ಅದನ್ನೀಗ ಫೋನಿನ ವಾಲ್‌ಪೇಪರ್ ಮಾಡಿಕೊಂಡಿದ್ದಾನೆ, ತಲೆಕೆಳಗಾಗಿ.