ಒಣಗಿದ ಕಣ್ಣಿಗೆ ಬಿಸಿ ಬಟ್ಟೆ ಏಕೆ?

ಪ್ರಶ್ನೆ: ಕಣ್ಣು ಉರಿದರೆ, ರೆಪ್ಪೆಗೆ ಕುರು ಎದ್ದರೆ ಅಜ್ಜಿ ಬಿಸಿ ಬಟ್ಟೆಯ ಶಾಖ ಕೊಡು ಎನ್ನುತ್ತಾರೆ. ಒಣಗಿದ ಕಣ್ಣಿಗೆ ಬಿಸಿ ಹಿತವೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಅಜ್ಜಿಯ ಮಾತು ಸರಿ. ರೆಪ್ಪೆಯ ಅಂಚಿನಲ್ಲಿ ಎಣ್ಣೆ ಸ್ರವಿಸುವ ಗ್ರಂಥಿಗಳ ಸಾಲೇ ಇದೆ. 1666ರಲ್ಲಿ ಅವನ್ನು ವಿವರಿಸಿದ ಜರ್ಮನ್ ವೈದ್ಯ ಹೈನ್ರಿಶ್ ಮೈಬೋಮ್‌ನ ಹೆಸರೇ ಅವಕ್ಕಿದೆ. ಆ ಎಣ್ಣೆ ಕಣ್ಣೀರಿನ ಮೇಲೆ ತೆಳುವಾಗಿ ಹರಡಿ ಅದು ಬೇಗ ಆರದಂತೆ ಕಾಯುತ್ತದೆ. ಧಾರವಾಡದ ಡಿಸೆಂಬರ್ ಬೆಳಗಿನ ತುಪ್ಪದ ಹಾಗೆ ಅದು ಗಟ್ಟಿಯಾದರೆ ಹೊರಬರದು. ಆಗ ನಮ್ಮೂರಿನ ಗಾಳಿ, ಧೂಳಿಗೆ ಕಣ್ಣು ಉರಿಯತೊಡಗುತ್ತದೆ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಎಣ್ಣೆ ಕರಗುತ್ತದೆ. ಬಟ್ಟೆ ಬೇಗ ತಣ್ಣಗಾಗುವುದರಿಂದ ಮತ್ತೆ ಮತ್ತೆ ಅದ್ದಿ, ಹಿಂಡಿ, 5ರಿಂದ 10 ನಿಮಿಷ ಇಡಿ. ಬಳಿಕ ರೆಪ್ಪೆಯನ್ನು ಅಂಚಿನತ್ತ ಮೆಲ್ಲಗೆ ಸವರಿ. ಕುರುವನ್ನು ದಯವಿಟ್ಟು ಹಿಂಡಬೇಡಿ. ನೋವು ಹೆಚ್ಚಿದರೆ, ದೃಷ್ಟಿ ಮಸುಕಾದರೆ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ.