ಮಕ್ಕಳ ಬೆನ್ನೆಲುಬಿನಲ್ಲಿ ಸುಣ್ಣದ ಶೇಖರಣೆ

ಸುಣ್ಣವು ಎಲುಬಿಗೆ ಬಲವನ್ನು ಕೊಡುವ ದ್ರವ್ಯವೆಂಬುದು ವಾಚಕರಿಗೆ ತಿಳಿದ ವಿಷಯ. ಇದೇ ಸುಣ್ಣವು ಸೇರಬಾರದ ಎಡೆಯಲ್ಲಿ ಸೇರಿಕೊಂಡರೆ ವೇದನೆಗೆ ಕಾರಣವಾಗುವುದುಂಟು. ಮಕ್ಕಳಲ್ಲಿ ಅಪರೂಪವಾಗಿ ತೋರುವ ಬೆನ್ನೆಲುಬಿನ ಒಂದು ವ್ಯಾಧಿ ಇದಕ್ಕೆ ನಿದರ್ಶನವಾಗಿದೆ.

ಬೆನ್ನೆಲುಬು ಒಂದರ ಮೇಲೊಂದರಂತೆ ಜೋಡಿಸಿದ ಮಣಿಗಳ ಸಾಲು. ಈ ಮಣಿಗಳ ನಡುವೆ ಮೆತ್ತೆಗಳಂತೆ 23 ಬಿಲ್ಲೆಗಳಿವೆ. ವೈದ್ಯರು ಇವನ್ನು ಡಿಸ್ಕ್‌ಗಳೆಂದು ಕರೆಯುತ್ತಾರೆ. ಬಿಲ್ಲೆಯ ಹೊರಭಾಗವು ಗಟ್ಟಿಯಾದ ನಾರಿನ ಬಳೆ. ಒಳಗಿರುವುದು ನೀರಿನಂಶ ತುಂಬಿದ ಲೋಳೆಯಂಥ ತಿರುಳು. ನಾವು ಬಾಗುವಾಗಲೂ ಜಿಗಿಯುವಾಗಲೂ ಉಂಟಾಗುವ ಒತ್ತಡವನ್ನು ಈ ಬಿಲ್ಲೆಗಳು ತಾಳಿಕೊಳ್ಳುತ್ತವೆ.

ಕೆಲವು ಮಕ್ಕಳಲ್ಲಿ ಈ ತಿರುಳಿನೊಳಗೆ ಕ್ಯಾಲ್ಸಿಯಂ ಲವಣವು ಶೇಖರವಾಗುತ್ತದೆ. 1924ರಲ್ಲಿ ಬ್ಯಾರನ್ ಎಂಬ ವೈದ್ಯರು ಇದನ್ನು ಮೊದಲು ವರ್ಣಿಸಿದರು. ಸಾಮಾನ್ಯವಾಗಿ ಕತ್ತಿನ ಬಿಲ್ಲೆಗಳೇ ಇದಕ್ಕೆ ಗುರಿಯಾಗುವುವು. ಕತ್ತು ನೋಯುತ್ತದೆ, ಒಂದು ಪಕ್ಕಕ್ಕೆ ವಾಲುತ್ತದೆ. ಕೆಲವೊಮ್ಮೆ ಜ್ವರವೂ ಬರುತ್ತದೆ. ಆದುದರಿಂದ ಇದನ್ನು ಸೋಂಕೆಂದು ಭ್ರಮಿಸುವ ಸಂಭವವುಂಟು. ಕ್ಷ-ಕಿರಣ ಚಿತ್ರದಲ್ಲಿ ಮಣಿಗಳ ನಡುವೆ ಬಿಳಿಯ ಗುರುತು ಕಂಡಾಗ ನಿಜಸ್ಥಿತಿ ತಿಳಿಯುವುದು. ಪೆಟ್ಟು, ಸೋಂಕು ಮೊದಲಾದ ಕಾರಣಗಳನ್ನು ಊಹಿಸಿದ್ದರೂ ಯಾವುದೂ ಸಿದ್ಧಪಟ್ಟಿಲ್ಲ. ರಕ್ತದಲ್ಲಿನ ಕ್ಯಾಲ್ಸಿಯಂ ಪ್ರಮಾಣವು ಸಾಮಾನ್ಯವಾಗಿ ಸರಿಯಾಗಿಯೇ ಇರುವುದರಿಂದ, ಹಾಲು ಹೆಚ್ಚಾಗಿ ಕುಡಿದುದರ ಫಲವಿದೆಂದು ಹೇಳುವಂತಿಲ್ಲ.

ಒಮ್ಮೊಮ್ಮೆ ಸುಣ್ಣ ತುಂಬಿದ ತಿರುಳು ನಾರಿನ ಬಳೆಯನ್ನು ಸೀಳಿ ಹೊರಕ್ಕೆ ಚಾಚಿಕೊಳ್ಳುತ್ತದೆ. ಕತ್ತಿನಲ್ಲಿ ಅದು ಮುಂದಕ್ಕೆ ಚಾಚಿದರೆ ನುಂಗುವುದು ಕಷ್ಟವಾಗಬಹುದು. ಹಿಂದಕ್ಕೆ ಚಾಚಿದರೆ ನರದ ಬೇರನ್ನೋ ಮಿದುಳುಬಳ್ಳಿಯನ್ನೋ ಒತ್ತಬಹುದು.

ಇಷ್ಟನ್ನು ಓದಿದವರಿಗೆ ಶಸ್ತ್ರಚಿಕಿತ್ಸೆಯೊಂದೇ ಗತಿಯೆಂದು ತೋರಬಹುದು. ವಾಸ್ತವವು ಬೇರೆಯೇ. ವಯಸ್ಕರಲ್ಲಿ ಸವೆದ ಬಿಲ್ಲೆಗೆ ಸೇರಿದ ಸುಣ್ಣವು ಸಾಮಾನ್ಯವಾಗಿ ಅಲ್ಲಿಯೇ ಉಳಿಯುತ್ತದೆ. ಮಕ್ಕಳಲ್ಲಾದರೋ ದೇಹವೇ ಅದನ್ನು ಕರಗಿಸಿ ಹೀರಿಕೊಳ್ಳುವುದು. ಉರಿಯೂತದಿಂದ ಆ ಎಡೆಗೆ ಬರುವ ರಕ್ತನಾಳಗಳೂ ಕಸವನ್ನು ನುಂಗುವ ಜೀವಕೋಶಗಳೂ ಈ ಕಾರ್ಯವನ್ನು ನಡೆಸುತ್ತವೆಂದು ವೈದ್ಯರು ಭಾವಿಸುತ್ತಾರೆ. ವಿಶ್ರಾಂತಿ, ನೋವುನಿವಾರಕ ಔಷಧಿ, ಕತ್ತಿಗೆ ಮೆತ್ತನೆಯ ಪಟ್ಟಿ—ಇಷ್ಟರಿಂದಲೇ ಬಹುಪಾಲು ಮಕ್ಕಳ ನೋವು ಕೆಲವು ವಾರಗಳಲ್ಲಿ ಶಮನವಾಗುತ್ತದೆ. ಸುಣ್ಣವು ಕೆಲವು ತಿಂಗಳುಗಳಲ್ಲಿ ಮಾಯವಾಗುತ್ತದೆ.

ಆದರೆ ಈ ಕಾಯುವಿಕೆಯು ಉಪೇಕ್ಷೆಯಾಗಬಾರದು. ಕೈಕಾಲುಗಳ ಬಲ ಕುಂದುವುದು, ನಡಿಗೆ ತಡವರಿಸುವುದು, ಮೂತ್ರದ ಹತೋಟಿ ತಪ್ಪುವುದು—ಇವು ಮಿದುಳುಬಳ್ಳಿಯು ಒತ್ತಡಕ್ಕೆ ಸಿಕ್ಕಿರುವ ಲಕ್ಷಣಗಳು. ಇವು ಕಂಡೊಡನೆ ಎಂ.ಆರ್.ಐ. ಪರೀಕ್ಷೆ ಮಾಡಿಸಬೇಕು, ಒತ್ತಡವು ತೀವ್ರವಾಗಿದ್ದರೆ ಶಸ್ತ್ರಚಿಕಿತ್ಸೆ ಅನಿವಾರ್ಯವಾಗಬಹುದು. ಅಂಥ ಸಂದರ್ಭ ವಿರಳ. ಉಳಿದವರ ವಿಷಯದಲ್ಲಿ, ಬೆಳೆಯುವ ದೇಹದ ಶಕ್ತಿಯನ್ನು ನಂಬಿ, ಎಚ್ಚರದಿಂದ ಗಮನಿಸುತ್ತ ಕಾಯುವುದೇ ಚಿಕಿತ್ಸೆಯ ಮುಖ್ಯ ಭಾಗವಾಗಿದೆ.