ದಪ್ಪ ಅಕ್ಷರ ಕೇಳಿಸುವುದಿಲ್ಲ: ಪಾಠ ಯೋಜನೆಯ ಕಡತದಲ್ಲಿ ಶೈಲಿಗಳ ಬಳಕೆ

ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯ ಶಾಲೆಗಳಿಗೆ ಬೋಧನಾಭ್ಯಾಸಕ್ಕೆಂದು ಹೋಗಿದ್ದ ಆರು ಮಂದಿ ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆಗಳನ್ನು ನಾನು ಒಂದೇ ಕಡತದಲ್ಲಿ ಸೇರಿಸಿದ್ದೆ. ತಲಾ ಎಂಟರಂತೆ ನಲವತ್ತೆಂಟು ಯೋಜನೆಗಳು. ಸಹಪಾಠಿಗಳ ಪಾಠ ವೀಕ್ಷಿಸುವವರು ಮುಂಚಿತವಾಗಿ ಓದಿಕೊಂಡು ಬರಲಿ ಎಂಬುದು ಉದ್ದೇಶ. ಆರು ಮಂದಿಯಲ್ಲಿ ಒಬ್ಬಳಿಗೆ ದೃಷ್ಟಿ ತೀರಾ ಮಂದ. ಎನ್‌ವಿಡಿಎ ಎಂಬ ಉಚಿತ ತೆರೆವಾಚಕ ತಂತ್ರಾಂಶದಿಂದ ಆಕೆ ಕಡತಗಳನ್ನು ಕೇಳಿ ಓದುತ್ತಾಳೆ. ವೀಕ್ಷಣೆಯ ದಿನ ಬೆಳಿಗ್ಗೆ ಆಕೆ ಬಂದು ಹೇಳಿದಳು: “ಮೇಡಂ, ನನ್ನ ಪಾಠ ಎಲ್ಲಿದೆ ಅಂತ ಹುಡುಕೋಕೆ ಮೊದಲಿನಿಂದ ಪೂರ್ತಿ ಕೇಳಬೇಕಾಯ್ತು. ನೀವು ಹಾಕಿರೋ ದಪ್ಪ ಅಕ್ಷರ ನನಗೆ ಕೇಳಿಸಲ್ಲ.”

ತಪ್ಪು ನನ್ನದೇ. ಮಾದರಿ ನಮೂನೆ ಕೊಟ್ಟವಳು ನಾನು. ಅದರಲ್ಲಿ ಶೀರ್ಷಿಕೆಗಳನ್ನು ಗುರುತು ಮಾಡಿ, ‘ಬಿ’ ಗುಂಡಿ ಒತ್ತಿ, ಅಳತೆ 16 ಮಾಡಿದ್ದೆ ಅಷ್ಟೆ. ಕಣ್ಣಿಗೆ ಅದು ಶೀರ್ಷಿಕೆ. ಗಣಕಕ್ಕೆ ಮಾತ್ರ ಅದು ಸ್ವಲ್ಪ ದೊಡ್ಡದಾದ ಇನ್ನೊಂದು ಸಾಲು.

ಶೈಲಿ ಎಂದರೇನು?

ಕಪ್ಪುಹಲಗೆ ಬಳಕೆಯ ಕೌಶಲ ಕಲಿಸುವಾಗ ನಾವು ಒಂದು ಶಿಸ್ತು ಹೇಳಿಕೊಡುತ್ತೇವೆ. ಪಾಠದ ಹೆಸರು ಮೇಲೆ ನಡುವೆ, ಮುಖ್ಯಾಂಶಗಳು ಎಡಕ್ಕೆ, ಹೊಸ ಪದಗಳು ಬಣ್ಣದ ಸೀಮೆಸುಣ್ಣದಲ್ಲಿ. ಪದ ಪದಕ್ಕೂ ಯಾವ ಬಣ್ಣವೆಂದು ಯೋಚಿಸುವುದಿಲ್ಲ. ‘ಇದು ಹೊಸ ಪದ’ ಎಂದು ತೀರ್ಮಾನಿಸಿದರೆ ಬಣ್ಣ ತಾನಾಗಿ ಬರುತ್ತದೆ. ವರ್ಡ್ ಪ್ರೊಸೆಸರ್‌ನ ಶೈಲಿಯೂ ಹೀಗೆಯೇ. ಅಕ್ಷರದ ಮಾದರಿ, ಅಳತೆ, ಬಣ್ಣ, ಸಾಲಿನ ಅಂತರಗಳನ್ನು ಒಟ್ಟುಗೂಡಿಸಿ ಒಂದು ಹೆಸರಿಟ್ಟರೆ ಅದು ಶೈಲಿ. ನಾವು ಪಠ್ಯಕ್ಕೆ ಹೆಸರು ಕೊಡುತ್ತೇವೆ. ಹೆಸರು ರೂಪ ಕೊಡುತ್ತದೆ.

ನಮಗೆ ಬೇಕಾದವು ಮುಖ್ಯವಾಗಿ ಎರಡು ಬಗೆ. ಇಡೀ ಪರಿಚ್ಛೇದಕ್ಕೆ ಅನ್ವಯಿಸುವುದು ಪ್ಯಾರಾಗ್ರಾಫ್ ಶೈಲಿ. ಸಾಲಿನೊಳಗಿನ ಕೆಲವು ಪದಗಳಿಗಷ್ಟೇ ಅನ್ವಯಿಸುವುದು ಕ್ಯಾರೆಕ್ಟರ್ ಶೈಲಿ.

ಹೆಸರಿಡುವುದು ಅರ್ಥದಿಂದ

ಆ ವಾರವೇ ಆರು ಮಂದಿಯನ್ನೂ ಕೂರಿಸಿಕೊಂಡು, ಯೋಜನೆಯಲ್ಲಿ ಎಷ್ಟು ಬಗೆಯ ಪಠ್ಯವಿದೆ ಎಂದು ಕಾಗದದ ಮೇಲೆ ಪಟ್ಟಿ ಮಾಡಿಸಿದೆ. ಪಾಠದ ಹೆಸರಿಗೆ ಹೆಡಿಂಗ್ 1; ಕಲಿಕಾಂಶಗಳು, ಕಲಿಕೋಪಕರಣಗಳು, ಚಟುವಟಿಕೆ, ಮೌಲ್ಯಮಾಪನ ಎಂಬ ಹಂತಗಳಿಗೆ ಹೆಡಿಂಗ್ 2; ಉಳಿದ ಬರಹಕ್ಕೆ ಟೆಕ್ಸ್ಟ್ ಬಾಡಿ. ಇವು ತಂತ್ರಾಂಶದಲ್ಲಿ ಮೊದಲೇ ಇರುವ ಶೈಲಿಗಳು. ಇವುಗಳ ಜೊತೆಗೆ ನಾವು ಎರಡನ್ನು ಹೊಸದಾಗಿ ಮಾಡಿಕೊಂಡೆವು.

ಒಂದು, ‘ಪ್ರಶ್ನೆ’. ತರಗತಿಯಲ್ಲಿ ಕೇಳಲಿರುವ ಪ್ರತಿ ಪ್ರಶ್ನೆಗೂ ಈ ಪ್ಯಾರಾಗ್ರಾಫ್ ಶೈಲಿ. ಇನ್ನೊಂದು, ‘ಮನೆಮಾತು’. ನಾವು ಹೋದ ತರಗತಿಗಳಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಬಹಳ. ಕೆರೆಯ ಪಾಠ ಮಾಡುವಾಗ ‘ಚೆರುವು’, ಮಳೆಗೆ ‘ವಾನ’, ಮುದ್ದೆಗೆ ‘ಸಂಗಟಿ’ ಎಂಬ ಪದಗಳನ್ನು ಯೋಜನೆಯಲ್ಲೇ ಬರೆದಿಟ್ಟುಕೊಂಡರೆ ಮಗು ಆ ಪದ ಹೇಳಿದಾಗ ಶಿಕ್ಷಕಿ ತಡವರಿಸುವುದಿಲ್ಲ. ಆ ಪದಗಳಿಗೆ ಈ ಕ್ಯಾರೆಕ್ಟರ್ ಶೈಲಿ.

ಒಬ್ಬಳು ಇದಕ್ಕೆ ‘ನೀಲಿ ಓರೆ’ ಎಂದು ಹೆಸರಿಟ್ಟಿದ್ದಳು. ಎರಡು ದಿನಕ್ಕೇ ಮುದ್ರಣದಲ್ಲಿ ನೀಲಿ ಮಸುಕಾಗಿ ಕಂಡು, ಅದನ್ನು ಕಪ್ಪು ದಪ್ಪಕ್ಷರ ಮಾಡಬೇಕಾಯಿತು. ಹೆಸರು ಮಾತ್ರ ‘ನೀಲಿ ಓರೆ’ ಎಂದೇ ಉಳಿಯಿತು. ರೂಪ ಬದಲಾಗುತ್ತದೆ, ಅರ್ಥ ಬದಲಾಗುವುದಿಲ್ಲ; ಹೆಸರು ಅರ್ಥದ್ದಾಗಿರಲಿ.

ಮಾಡುವ ಕ್ರಮ

ನಾವು ಬಳಸಿದ್ದು ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ರೈಟರ್.

1. ಎಫ್11 ಕೀಲಿ ಒತ್ತಿದರೆ ಶೈಲಿಗಳ ಫಲಕ ತೆರೆಯುತ್ತದೆ. ಅದರಲ್ಲಿ ಬಲ ಕ್ಲಿಕ್ ಮಾಡಿ ‘ನ್ಯೂ’ ಆರಿಸಿ.
2. ‘ಆರ್ಗನೈಜರ್’ ಪುಟದಲ್ಲಿ ಹೆಸರು ಕೊಡಿ. ‘ಇನ್‌ಹೆರಿಟ್ ಫ್ರಮ್’ ಎಂಬಲ್ಲಿ ಟೆಕ್ಸ್ಟ್ ಬಾಡಿ ಆರಿಸಿ. ಇದು ತಾಯಿ ಶೈಲಿ. ಅದರ ಅಕ್ಷರ ಬದಲಿಸಿದರೆ, ಮಗಳಲ್ಲಿ ಬೇರೆಯಾಗಿ ನಿಗದಿ ಮಾಡದ ಗುಣಗಳೆಲ್ಲ ತಾವೇ ಬದಲಾಗುತ್ತವೆ.
3. ‘ನೆಕ್ಸ್ಟ್ ಸ್ಟೈಲ್’ ಎಂಬಲ್ಲಿ ಮುಂದಿನ ಪರಿಚ್ಛೇದದ ಶೈಲಿ ಆರಿಸಿ. ಹೆಡಿಂಗ್ ಬರೆದು ಎಂಟರ್ ಒತ್ತಿದ ಕೂಡಲೇ ಸಾಮಾನ್ಯ ಬರಹ ಬರುವುದು ಇದರಿಂದಲೇ.
4. ಅಕ್ಷರ, ಅಂತರಗಳನ್ನು ನಿಗದಿ ಮಾಡಿ ಓಕೆ ಒತ್ತಿ.

ಬಳಸುವಾಗ ಕಂಟ್ರೋಲ್ ಜೊತೆ 1 ಒತ್ತಿದರೆ ಹೆಡಿಂಗ್ 1, 2 ಒತ್ತಿದರೆ ಹೆಡಿಂಗ್ 2, ಸೊನ್ನೆ ಒತ್ತಿದರೆ ಟೆಕ್ಸ್ಟ್ ಬಾಡಿ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಹೆಡಿಂಗ್‌ಗಳಿಗೆ ಕಂಟ್ರೋಲ್, ಆಲ್ಟ್ ಎರಡನ್ನೂ ಹಿಡಿದು ಅಂಕಿ ಒತ್ತಬೇಕು.

ಕನ್ನಡಕ್ಕೆ ಬೇಕಾದ ಎಚ್ಚರ

ಮೊದಲ ದಿನ ನಾಲ್ಕು ಜನ ಒಂದೇ ದೂರು ತಂದರು: “ಶೈಲಿಯಲ್ಲಿ ಅಳತೆ ಬದಲಿಸಿದೆ, ಕನ್ನಡ ಬದಲಾಗಲಿಲ್ಲ, ಇಂಗ್ಲಿಷ್ ಮಾತ್ರ ಬದಲಾಯಿತು.” ರೈಟರ್ ಅಕ್ಷರಗಳ ಆಯ್ಕೆಯನ್ನು ಲಿಪಿಯ ಗುಂಪಿನ ಪ್ರಕಾರ ಬೇರೆ ಬೇರೆ ಇಡುತ್ತದೆ. ಕನ್ನಡ ಬರುವುದು ಸಿಟಿಎಲ್, ಅಂದರೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಗುಂಪಿನಲ್ಲಿ. ನೋಟೊ ಸೆರಿಫ್ ಕನ್ನಡ, ಲೋಹಿತ್ ಕನ್ನಡ ಮುಂತಾದ ಅಕ್ಷರಗಳನ್ನೂ ಅಳತೆಯನ್ನೂ ಅಲ್ಲಿಯೇ ಆರಿಸಬೇಕು. ಆ ವಿಭಾಗ ಕಾಣದಿದ್ದರೆ ಆಯ್ಕೆಗಳ ಭಾಷಾ ವಿಭಾಗದಲ್ಲಿ ಅದನ್ನು ಚಾಲೂ ಮಾಡಬೇಕು.

ಎರಡನೆಯದು ಸಾಲಿನ ಅಂತರ. ‘ಸ್ತ್ರೀ’, ‘ಲಕ್ಷ್ಮಿ’ ಎಂಬಲ್ಲಿ ಒತ್ತಕ್ಷರಗಳು ಕೆಳಗಿಳಿಯುತ್ತವೆ. ‘ಫಿಕ್ಸ್ಡ್’ ಅಂತರ ಕಡಿಮೆ ಇಟ್ಟರೆ ಅವುಗಳ ಕಾಲು ತುಂಡಾಗುತ್ತದೆ. ಅಕ್ಷರದ ಅಳತೆಗೆ ತಕ್ಕಂತೆ ಹಿಗ್ಗುವ ‘ಪ್ರಪೋರ್ಷನಲ್’ ಅಂತರವೇ ಕ್ಷೇಮ.

ಮೂರನೆಯದು ಹಳೆಯ ನುಡಿ ಕಡತಗಳು. ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದಕ್ಕೆ ಬೇರೆ ಅಕ್ಷರದ ಶೈಲಿ ಹಾಕಿದರೆ ಕನ್ನಡವೆಲ್ಲ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಓದಿ ತಿದ್ದಿ, ಆಮೇಲೆ ಶೈಲಿ ಹಾಕಬೇಕು.

ನಿರ್ವಹಣೆ

ಶೈಲಿ ಬದಲಿಸಿದರೂ ಕೆಲವು ಸಾಲುಗಳು ಮೊಂಡು ಹಿಡಿದು ಹಾಗೇ ಉಳಿಯುವುದುಂಟು. ಆ ಸಾಲುಗಳಿಗೆ ಯಾರೋ ಗುಂಡಿ ಒತ್ತಿ ನೇರವಾಗಿ ರೂಪ ಕೊಟ್ಟಿರುತ್ತಾರೆ. ನೇರ ರೂಪ ಶೈಲಿಯನ್ನು ಮೀರುತ್ತದೆ. ಅಂಥ ಭಾಗವನ್ನು ಗುರುತು ಮಾಡಿ ಕಂಟ್ರೋಲ್ ಮತ್ತು ಎಂ ಒತ್ತಿದರೆ ನೇರ ರೂಪ ಅಳಿದು ಶೈಲಿ ಮಾತ್ರ ಉಳಿಯುತ್ತದೆ.

ಸಿದ್ಧವಾದ ಕಡತವನ್ನು ಟೆಂಪ್ಲೇಟ್ ಆಗಿ ಉಳಿಸಿ ಆರು ಮಂದಿಗೂ ಕೊಟ್ಟೆ. ಇದರ ಲಾಭ ಕಂಡಿದ್ದು ಯೋಜನೆಗಳನ್ನು ಮತ್ತೆ ಸೇರಿಸುವಾಗ. ಎರಡು ಕಡತಗಳಲ್ಲಿ ಶೈಲಿಯ ಹೆಸರು ಒಂದೇ ಇದ್ದರೆ, ಅಂಟಿಸಿದ ಪಠ್ಯ ಸಾಮಾನ್ಯವಾಗಿ ಸೇರಿದ ಕಡತದ ರೂಪವನ್ನೇ ತಾಳುತ್ತದೆ. ಒಬ್ಬ ಹುಡುಗ ತನ್ನ ಹೆಡಿಂಗನ್ನು ಕೆಂಪು ಮಾಡಿಕೊಂಡಿದ್ದ. ನನ್ನ ಕಡತಕ್ಕೆ ಬಂದಾಗ ಅದು ಎಲ್ಲರಂತೆ ಕಪ್ಪಾಯಿತು. ‘ಪ್ರಶ್ನೆ’ಯನ್ನು ‘ಪ್ರಶ್ನೆಗಳು’ ಎಂದು ಬದಲಿಸಿಕೊಂಡವಳದ್ದು ಮಾತ್ರ ಬೇರೆಯಾಗಿಯೇ ಉಳಿಯಿತು. ಹೆಸರಿನಲ್ಲಿ ಒಂದಕ್ಷರ ಬೇರೆಯಾದರೂ ಅದು ಬೇರೆ ಶೈಲಿ.

ಫಲ

ಹೆಡಿಂಗ್ ಶೈಲಿಗಳಿದ್ದುದರಿಂದ ನಲವತ್ತೆಂಟು ಯೋಜನೆಗಳ ಪರಿವಿಡಿ ಪುಟಸಂಖ್ಯೆ ಸಹಿತ ಕೆಲವೇ ಕ್ಲಿಕ್‌ಗಳಲ್ಲಿ ಸಿದ್ಧವಾಯಿತು. ‘ಪ್ರಶ್ನೆ’ ಶೈಲಿಯಿಂದ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಅದಕ್ಕೆ ಹಿನ್ನೆಲೆ ಬಣ್ಣ ಕೊಟ್ಟು ನೋಡಿದಾಗ ಕೆಲವು ಯೋಜನೆಗಳಲ್ಲಿ ಪ್ರಶ್ನೆಗಳೆಲ್ಲ ಕೊನೆಯ ಮೌಲ್ಯಮಾಪನದಲ್ಲೇ ಗುಂಪಾಗಿದ್ದವು; ಚಟುವಟಿಕೆಯ ಪುಟಗಳು ಬರಿದಾಗಿದ್ದವು. ಮಾರ್ಗದರ್ಶನಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ನನಗೆ ಸಿಗುತ್ತಿರಲಿಲ್ಲ.

ಕಡತವನ್ನು ವರ್ಡ್ ರೂಪದಲ್ಲಿ ಉಳಿಸಿ ಆ ವಿದ್ಯಾರ್ಥಿನಿಗೆ ಕೊಟ್ಟೆ. ಆಕೆ ಎನ್‌ವಿಡಿಎಯ ಬ್ರೌಸ್ ವಿಧಾನ ಚಾಲೂ ಮಾಡಿ ಎಚ್ ಕೀಲಿ ಒತ್ತುತ್ತಾ ಹೋದಳು. ಹೆಡಿಂಗ್‌ನಿಂದ ಹೆಡಿಂಗ್‌ಗೆ ಜಿಗಿದು, ಬೇಕಾದ ಪಾಠದ ಹೆಸರು ಕೇಳಿದ ಕೂಡಲೇ ನಿಂತಳು. ‘ಮನೆಮಾತು’ ಪದಗಳನ್ನು ಮಾತ್ರ ತೆರೆವಾಚಕ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಬೇರೆಯೆಂದು ಹೇಳುವುದಿಲ್ಲ. ಆದ್ದರಿಂದ ಅವುಗಳ ಹಿಂದೆ ‘ತೆಲುಗಿನಲ್ಲಿ’ ಎಂದು ಬರೆಯುವುದನ್ನು ರೂಢಿ ಮಾಡಿಕೊಂಡೆವು. ಇದನ್ನು ಸೂಚಿಸಿದವಳೂ ಆಕೆಯೇ.

ಈಗ ಬೋಧನಾಭ್ಯಾಸದ ಮೊದಲ ವಾರದಲ್ಲೇ ಒಂದು ಅವಧಿಯನ್ನು ಇದಕ್ಕೆ ಮೀಸಲಿಡುತ್ತೇನೆ. ಪ್ರಶಿಕ್ಷಣಾರ್ಥಿಗಳು ತಮ್ಮದೇ ಒಂದು ಯೋಜನೆಗೆ ಶೈಲಿ ಹಾಕಿ, ಪಕ್ಕದವರಿಗೆ ಕೊಟ್ಟು, ಎಫ್5 ಒತ್ತಿ ನ್ಯಾವಿಗೇಟರ್‌ನಲ್ಲಿ ನೋಡುತ್ತಾರೆ. ಅಲ್ಲಿ ಶೀರ್ಷಿಕೆಗಳ ಸಾಲು ಕ್ರಮವಾಗಿ ಕಂಡರೆ ಯೋಜನೆಗೆ ನಿಜವಾದ ಶೀರ್ಷಿಕೆಗಳಿವೆ ಎಂದರ್ಥ. ಪಟ್ಟಿ ಖಾಲಿಯಿದ್ದರೆ ಇರುವುದು ಬರೀ ದಪ್ಪ ಅಕ್ಷರ.